ಅಂಗಾಲು ಸುಡುವ ಕಾರು

21 ಏಪ್ರಿಲ್, ಮಂಗಳವಾರ

ಅಪ್ಪನ ಕಾಲದ ಸ್ಪೋರ್ಟ್ಸ್ ಕಾರು ಇವತ್ತೂ ನನ್ನ ಅಂಗಾಲು ಸುಟ್ಟಿತು. ಇಂಜಿನ್ನಿನ ಬಿಸಿ ಪೆಡಲ್ ಹತ್ತಿರ ಬರದ ಹಾಗೆ ಮ್ಯಾಟಿನ ಕೆಳಗೆ ಶೀಟು ಹಾಕಿದ್ದೀನಿ ಅಂತ ಗೆಜ್ಜಲಗೆರೆಯ ಮೆಕ್ಯಾನಿಕ್ ಲಿಂಗರಾಜು ಆಣೆ ಮಾಡಿದ್ದ. "ಸೋಮನಳ್ಳಿಗಂಟ ಓಡ್ಸಿ ನೋಡಿವ್ನಿ ಸಾ, ಒಂಚೂರೂ ಬಿಸಿ ಬತ್ತಿಲ್ಲ ಬುಡಿ" ಅಂದ. ಶೀಟು ಹಾಕಿಯೇ ಇಲ್ಲ ಕಳ್ಳ ಅಂದುಕೊಂಡು ಸಂಜೆ ಮ್ಯಾಟು ಎತ್ತಿ ನೋಡಿದೆ. ಮೂಲೆಮೂಲೆಗೂ ನೀಟಾಗಿ ಅಂಟಿಸಿದ್ದಾನೆ. ಹಾಗಾದರೆ ಶೀಟೇ ಡೂಪ್ಲಿಕೇಟು ಇರಬೇಕು.

ನನ್ನವಳು ಪ್ರಿಯಂವದಾ ನಕ್ಕಳು. "ಆಯುಧಪೂಜೆ ಮಾಡಿದ ಗಾಡಿ ಅಂತ ನೀವು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸ್ತೀರಿ. ಅವನು ಬೂಟು ಹಾಕ್ಕೊಂಡು ಓಡಿಸಿರ್ತಾನೆ, ಅವನಿಗೆಲ್ಲಿ ಬಿಸಿ ಗೊತ್ತಾಗತ್ತೆ?"

ಹೌದಲ್ಲ ಅನ್ನಿಸಿತು. ಆದರೆ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರೆಯಲು ಕೂತ ಮೇಲೆ ಬೇರೆಯದೇ ಅನುಮಾನ ಶುರುವಾಗಿದೆ. ತಹಸೀಲ್ದಾರರಿಗೂ ಅಪ್ಪ ಬೂಟು ಬಿಚ್ಚಿಸಿ ಹತ್ತಿಸುತ್ತಿದ್ದ ಕಾರಿನಲ್ಲಿ ಆ ಲಿಂಗರಾಜು ಬೂಟುಗಾಲಲ್ಲೇ ಕೂತಿದ್ದನೇ?