ಕಡಬದ ಕೋಡಿ, ಕುಣಿಗಲ್ ಚಿಲಕ

ಗುಬ್ಬಿ
12-11-1986

ಮಗಳು ಕಲ್ಲಮ್ಮನಿಗೆ ಅಪ್ಪನ ಆಶೀರ್ವಾದ. ನಿನಗಿಂತ ಮುಂಚೆ ಈ ಕಾಗದ ಒಡೆದು ಓದ್ತಾ ಇರೋ ಅಳಿಯಂದಿರು ಮಹಾಲಿಂಗಯ್ಯನವರಿಗೂ ನಮಸ್ಕಾರ. ನಿಂತ್ಕೊಂಡು ಯಾಕೆ ಓದ್ತೀರಿ, ಕೂತ್ಕೊಳ್ಳಿ.

ಕಲ್ಲೂ, ನಿನ್ನ ಕಾಗದ ಬಂತು. ಸಾಲುಸಾಲಿಗೂ ಚೆನ್ನಾಗಿದೀನಿ ಅಂತ ಬರ್ದಿದೀಯ. ಚೆನ್ನಾಗಿರೋರು ಅಷ್ಟು ಸಲ ಬರೆಯಲ್ಲ ಕಣೇ. ಕೊನೇಲಿ, ಸೋಮವಾರ ಸ್ಕೂಲಿಗೆ ರಾಜೀನಾಮೆ ಕೊಡ್ತೀನಿ ಅಂತಿದೆ. ಆ ಪದಾನ ಬಿಡಿಸಿ ನೋಡ್ದೆ. ರಾಜಿ ಎಲ್ಲೂ ಕಾಣ್ಲಿಲ್ಲ, ಬರೀ ನಾಮ ಕಾಣ್ತು.

ಕಾರಣ ಇನ್‌ಕಂ ಟ್ಯಾಕ್ಸು ಅಂತೆ. ದೀಪಾವಳಿಗೆ ನಾನು ಕುಣಿಗಲ್ಲಿಗೆ ನಿಮ್ಮನೆಗೆ ಬಂದಾಗ್ಲೂ ಅಳಿಯಂದಿರು ಅದೇ ಹೇಳಿದ್ರು. ಮಾವ, ನಂದು ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ, ಇವಳದು ಹನ್ನೆರಡು, ಎರಡೂ ಸೇರಿದ್ರೆ ಮೇಲಿನ ಸ್ಲ್ಯಾಬು, ಅಷ್ಟಕ್ಕೂ ನೂರಕ್ಕೆ ಮೂವತ್ತು ಕಿತ್ಕೋತಾರೆ, ಇವಳು ದುಡಿಯೋದೇ ದಂಡ ಅಂದ್ರು. ಕಲ್ಲಮ್ಮ ಅಂತ ಹೆಸರಿಟ್ಕೊಂಡು ಸ್ಲ್ಯಾಬಿಗೆ ಹೆದರ್ತೀಯೇನೇ ಅಂದೆ ನಾನು. ನೀನು ನಗ್ಲಿಲ್ಲ. ನನ್ನ ಜೋಕಿಗೆ ನೀನು ನಗದೇ ಇದ್ದದ್ದು ಅದೇ ಮೊದಲು.

ಅದಕ್ಕೇ ಮೊನ್ನೆ ತುಮಕೂರಿಗೆ ಹೋಗಿ ಆಡಿಟರ್ ಗಂಗಣ್ಣನ ಕೇಳ್ದೆ. ನಕ್ಕುಬಿಟ್ಟ. ಅವನು ಹೇಳಿದ್ದನ್ನ ನಮ್ಮ ಭಾಷೇಲಿ ಹೇಳ್ತೀನಿ. ಕಡಬದ ಕೆರೆ ಕೋಡಿ ಬಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ಕರ್ಕೊಂಡ್ಹೋಗಿದ್ನಲ್ಲ, ಅಪ್ಪಾ ಕೆರೆಯೆಲ್ಲಾ ಖಾಲಿ ಆಗುತ್ತೆ ಅಂತ ನೀನು ಅತ್ತಿದ್ದೆ. ಖಾಲಿ ಆಯ್ತಾ? ಕೋಡಿ ಮೇಲೆ ಬಂದ ನೀರಷ್ಟೇ ಹೋಯ್ತು. ಟ್ಯಾಕ್ಸೂ ಹಂಗೇ. ಹದಿನೆಂಟು ಸಾವಿರದ ತನಕ ಬಿಡಿಗಾಸಿಲ್ಲ. ಅಲ್ಲಿಂದ ಇಪ್ಪತ್ತೈದರ ತನಕ, ಆ ಮೇಲಿಂದಕ್ಕೆ ಮಾತ್ರ ರೂಪಾಯಿಗೆ ನಾಲ್ಕಾಣೆ. ಅದನ್ನೂ ದಾಟಿದ್ರೆ ದಾಟಿದ್ದಕ್ಕಷ್ಟೇ ಮೂವತ್ತು. ಮೇಲಾಗಿ ನಿಮ್ಮಿಬ್ಬರ ಸಂಬಳ ಬೇರೆ ಬೇರೆ ಕೆರೆ. ಕಡಬ ತುಂಬಿದ್ರೆ ಕುಣಿಗಲ್ ಕೋಡಿ ಬೀಳುತ್ತಾ? ನಿನ್ನ ಹನ್ನೆರಡು ಸಾವಿರ ಕೋಡಿ ಹತ್ರಾನೂ ಬಂದಿಲ್ಲ. ನೀನು ಕಟ್ಟಬೇಕಾದ್ದು ಸೊನ್ನೆ.

ಅಳಿಯಂದಿರೇ, ಗೊತ್ತಿಲ್ದೆ ಹೇಳಿದ್ರಿ ಅಂತ ಇಟ್ಕೊಳ್ಳೋಣ. ಈಗ ಗೊತ್ತಾಯ್ತಲ್ಲ. ನಾಳೆ ಇನ್ನೊಂದು ಕಾರಣ ಹುಟ್ಟಿದ್ರೆ, ನಿಮ್ದು ತೆರಿಗೆ ಚಿಂತೆ ಅಲ್ಲ, ಬಾಗಿಲು ತೆರೀಬಾರ್ದು ಅನ್ನೋ ಚಿಂತೆ ಅಂತ ತಿಳ್ಕೋತೀನಿ. ಹಬ್ಬದ ದಿನ ಪೇಟೆಗೆ ಹೋಗೋವಾಗ ಹೊರಗಿಂದ ಚಿಲಕ ಹಾಕ್ಕೊಂಡು ಹೋದ್ರಿ. ಒಳಗೆ ನಾನೂ ಇದ್ದೆ. ವಾಪಸ್ ಬಂದು, ಮರೆತು ಹಾಕ್ಬಿಟ್ಟೆ ಮಾವ ಅಂದ್ರಿ. ನಾನು ಬಾಗಿಲು ಬಡಿದೂ ಬಡಿದೂ ಸುಸ್ತಾಗಿದ್ದೆ. ಇವಳು ಮಾತ್ರ ಬಾಗಿಲ ಕಡೆ ತಿರುಗೂ ನೋಡ್ದೆ ಅಕ್ಕಿ ಆರಿಸ್ತಾ ಕೂತಿದ್ಳು.

ಕಲ್ಲೂ, ಸ್ಕೂಲಲ್ಲಿ ಸಂಜೆ ಬೆಲ್ಲು ಹೊಡೆಯೋ ತನಕ ಸಿಗೋದೇ ನಿನಗೆ ಗಾಳಿ. ಅದನ್ನ ಬಿಡಬೇಡ ಕಣವ್ವ.

ನಿನ್ನ ತಲೆಹರಟೆ ಅಪ್ಪ,
ಷಡಕ್ಷರಿ

ತಾ.ಕ.: ಅಳಿಯಂದಿರೇ, ಈ ಕಾಗದ ಅವಳಿಗೆ ಕೊಡಿ, ಇಲ್ಲ ಒಲೆಗೆ ಹಾಕಿ. ಇದರ ನಕಲು ಮೊದಲೇ ಸ್ಕೂಲಿನ ವಿಳಾಸಕ್ಕೆ ಹಾಕಿ, ಇದನ್ನ ಒಂದು ದಿನ ತಡೆದು ಹಾಕ್ತಿದೀನಿ, ಅವಳು ಆಗ್ಲೇ ಓದಿರ್ತಾಳೆ. ಇನ್ನೊಂದು ವಿಷಯ. ಹಬ್ಬ ಮುಗಿಸಿ ಹೊರಡೋವಾಗ ನಿಮ್ಮ ಹೊರಚಿಲಕದ ಸ್ಕ್ರೂ ಎಲ್ಲಾ ಬಿಚ್ಕೊಂಡು, ಪಟಾಕಿ ಹಚ್ಚೋ ಮೇಣದಬತ್ತಿ ಕರಗಿಸಿ ಚಿಲಕಾನ ಅಂಟಿಸಿ ಬಂದೆ. ಸ್ಕ್ರೂ ಇಲ್ಲೇ ನನ್ನ ಜೇಬಲ್ಲಿವೆ. ಇಷ್ಟು ದಿನ ಆ ಬಾಗಿಲನ್ನ ಹಿಡಿದಿದ್ದು ಬರೀ ಮೇಣ. ಕಲ್ಲೂ, ನೀನು ಒಂದ್ಸಲಾನೂ ತಳ್ಳಿ ನೋಡ್ಲಿಲ್ವೇನೇ?