ಗೆರೆಯ ಕೆಳಗಿನಿಂದ

ಯಲ್ಲಾಪುರ, ಭಾನುವಾರ

ಮಗಳೇ ಅಭಿಜ್ಞಾ,

ದುವಾ. ಅಕ್ಷರ ಸೊಸೆ ಜೀನತ್‌ಳದು, ಮಾತು ನನ್ನದು.

ಸಿದ್ದಾಪುರದ ಕಾರ್ಯಕ್ರಮಕ್ಕೆ ನಾನು ಬರುವುದಿಲ್ಲ. ಕೈ ಹಿಡಿಸಿಕೊಂಡು ವೇದಿಕೆ ಹತ್ತುವುದು ಸಾಕಾಗಿದೆ. ಸ್ಟೀಲ್ ಗಿಟಾರ್ ನೀನೊಬ್ಬಳೇ ನುಡಿಸು. ನನ್ನ ಕುರ್ಚಿ ಹಾಕಿಸಬೇಡ.

ಕಳೆದ ಪಾಠದಲ್ಲಿ ನಿನ್ನನ್ನು ಬೈದೆ. ತಂತಿಯ ಕೆಳಗೆ ಸ್ವರದ ಗೆರೆ ಕಾಣುವಾಗ ಎಡಗೈಯ ಉಕ್ಕಿನ ಕಡ್ಡಿಯನ್ನು ನೇರ ಅಲ್ಲಿಗೇ ಇಡು, ಗೆರೆಯ ಕೆಳಗಿನಿಂದ ಜಾರಿಸಿಕೊಂಡು ಹೋಗಬೇಡ ಎಂದೆ. “ನೀವೂ ಹಂಗೇ ಬಾರಿಸ್ತೀರಲ್ಲ ಮಾಸ್ತರ್ರೆ” ಎಂದೆ ನೀನು.

ಹೌದು. ಈ ವಾದ್ಯವನ್ನು ನಮ್ಮ ಕಡೆಗೆ ಮೊದಲು ತಂದ ನನ್ನ ಉಸ್ತಾದ್ ಖಾಜಾ ಹುಸೇನರಿಗೆ ಕಣ್ಣು ಮಂದ. ಗೆರೆ ಕಾಣದೆ, ಕೆಳಗಿನಿಂದ ಕಿವಿಯಿಂದಲೇ ಹುಡುಕುತ್ತ ಸ್ವರಕ್ಕೆ ಏರುತ್ತಿದ್ದರು. ಕಣ್ಣು ನೆಟ್ಟಗಿದ್ದ ನಾನು ಅದನ್ನೇ ಕಲಿತೆ. ನನ್ನಿಂದ ನಿನಗೆ ಬಂತು. ಕಣ್ಣಿದ್ದವರಿಗೆ ಅದು ಯಾಕೆ, ನನ್ನಲ್ಲೇ ನಿಲ್ಲಲಿ ಅಂದುಕೊಂಡಿದ್ದೆ.

ಈಗ ನನಗೂ ಗೆರೆ ಕಾಣುವುದಿಲ್ಲ. ಇನ್ನು ಸರಿಹೋಗುವುದಿಲ್ಲ ಎಂದರು ಡಾಕ್ಟರು. ನಿನ್ನೆ ಬೇಸರಕ್ಕೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಕೈ ತಾನಾಗಿ ಕೆಳಗಿನಿಂದ ಹೋಗಿ ಸ್ವರ ಮುಟ್ಟಿತು.

ಸಿದ್ದಾಪುರಕ್ಕೆ ತಂತಿ ಹೆಚ್ಚಿಗೆ ಇಟ್ಟುಕೊಂಡು ಹೋಗು. ಜಾರಿಸುವುದನ್ನು ಬಿಡಬೇಡ. ನಿನಗೂ ವಯಸ್ಸಾಗುತ್ತದೆ.

ನಿನ್ನ ಮಾಸ್ತರ,
ಜಹೀರ್