ಎಪ್ಪತ್ತೊಂದನೆಯ ಅಂಚೆಚೀಟಿ ಪುಸ್ತಕ

ಅಪ್ಪ,

ನಿಮ್ಮ ಸಂಗ್ರಹಕ್ಕೆ ಬೇಕಿದ್ದ ಆ ನೀಲಿ ರಟ್ಟಿನ ಅಂಚೆಚೀಟಿ ಪುಸ್ತಕ ಇವತ್ತು ಸಿಕ್ಕಿತು. ಒಂದು ಚೀಟಿಯನ್ನೂ ಯಾರೂ ಕಿತ್ತಿಲ್ಲ. ಹಳೇ ಅಂಚೆಚೀಟಿ ಮಾರುವ ಅಂಗಡಿಯವರು ನನ್ನ ಗುರುತು ಹಿಡಿದು, "ನಿಮ್ಮಪ್ಪ ಕೊನೇವರೆಗೂ ಇದನ್ನೇ ಕೇಳ್ತಿದ್ರು. ಇದ್ದದ್ದನ್ನ ನಮ್ಮನೆಯವಳು ಹಾಳುಮಾಡಿಬಿಟ್ಟಳು ಅಂತ ಪೇಚಾಡ್ತಿದ್ರು," ಅಂದರು.

"ಅಮ್ಮ ಅಲ್ಲ, ನಾನು," ಅಂದೆ.

ಹದಿನೆಂಟರ ವಯಸ್ಸಲ್ಲಿ, ಮೊದಲು ನಮ್ಮನೆಯಲ್ಲಿದ್ದ ಇಂಥದೇ ಪುಸ್ತಕದಿಂದ ಎರಡು ಚೀಟಿ ಕಿತ್ತು, ನೀವು ಬೇಡವೆಂದ ಹುಡುಗನಿಗೆ ಕಾಗದ ಹಾಕಿದ್ದೆ. ಅಮ್ಮ "ನಾನಲ್ಲ" ಅಂತ ಎಷ್ಟು ಹೇಳಿದರೂ ನೀವು ನಂಬಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮನೆಗೆ ಬಂದು ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗಕ್ಕೆ ಸೇರಿಸಿದೆ. ನಿಮ್ಮ ಸಂಗ್ರಹದ ಎಪ್ಪತ್ತೊಂದು ಪುಸ್ತಕಗಳೂ ಪೂರ್ತಿಯಾದವು. ಅಮ್ಮ ಬಂದು ರಟ್ಟು ಸವರಿ, "ಅವರಿದ್ದಾಗಲೇ ಸಿಕ್ಕಿದ್ರೆ ನನ್ನ ಮೇಲಿನ ಸಿಟ್ಟು ಇಳೀತಿತ್ತೇನೋ," ಅಂದಳು.

ನಾನು ಕಪಾಟಿನ ಬಾಗಿಲು ಹಾಕಿದೆ. ಆಗಲೂ ಹೇಳಲಿಲ್ಲ, ಅಪ್ಪ.